ಮರಳು ಗಟ್ಟಿ ಮಾಡುವ ಬ್ಯಾಕ್ಟೀರಿಯಾಗೆ ಯೀಸ್ಟ್ ಗಸಿಯೇ ಸಾಕು

ಸ್ಪೋರೋಸಾರ್ಸಿನಾ ಪಾಶ್ಚುರಿಯೈ ಎಂಬ ಬ್ಯಾಕ್ಟೀರಿಯಾವನ್ನು ಪ್ರಯೋಗಾಲಯದ ಪದ್ಧತಿಯಲ್ಲೇ ಬೆಳೆಸಿದರೆ ಲೀಟರಿಗೆ 20 ಗ್ರಾಂ ಯೀಸ್ಟ್ ಸಾರ ಬೇಕು. ದುಡ್ಡು ಹೋಗುವುದು ಅಲ್ಲೇ. ಒಂದು ಸಣ್ಣ ಟ್ಯೂಬ್ ಮರಳಿಗಾದರೆ ಸರಿ, ಬಕೆಟ್ ಮರಳು ಗಟ್ಟಿ ಮಾಡಬೇಕೆಂದರೆ ಈ ಲೆಕ್ಕ ಕೈಗೆ ಎಟುಕುವುದಿಲ್ಲ. ಹಾಗಾಗಿ ಬಿಸಾಡುವ ವಸ್ತುಗಳಲ್ಲೇ ಇದನ್ನು ಬೆಳೆಸಲು ಹೊರಟೆ.

ಇದು ಮಾಡುವ ಕೆಲಸ ಸರಳ. ಇದರ ಯೂರಿಯೇಸ್ ಕಿಣ್ವ ಯೂರಿಯಾವನ್ನು ಒಡೆಯುತ್ತದೆ. ಅಮೋನಿಯಾ, ಕಾರ್ಬೊನೇಟ್ ಹುಟ್ಟುತ್ತವೆ. ಕಾರ್ಬೊನೇಟ್‌ಗೆ ಕ್ಯಾಲ್ಸಿಯಂ ಸಿಕ್ಕರೆ ಸುಣ್ಣಕಲ್ಲಿನ ಹರಳುಗಳಾಗಿ ಮರಳಿನ ಕಣಗಳ ನಡುವೆ ಕೂರುತ್ತದೆ. 60 ಗ್ರಾಂ ಯೂರಿಯಾ ಪೂರ್ತಿ ಒಡೆದು, ಬೇಕಾದಷ್ಟು ಕ್ಯಾಲ್ಸಿಯಂ ಇದ್ದರೆ 100 ಗ್ರಾಂ ಕ್ಯಾಲ್ಸಿಯಂ ಕಾರ್ಬೊನೇಟ್ ಆಗಬೇಕು. ಜೊತೆಗೆ 34 ಗ್ರಾಂ ಅಮೋನಿಯಾ ಕೂಡ. ಅದರ ವಿಷಯಕ್ಕೆ ಆಮೇಲೆ ಬರುತ್ತೇನೆ.

ಆಹಾರ ಆರಿಸುವಾಗ ಒಂದು ವಿಷಯ ತಲೆಯಲ್ಲಿರಲಿ. ಈ ಜೀವಿಗೆ ಸಕ್ಕರೆಗಿಂತ ಅಮೈನೋ ಆಮ್ಲಗಳೇ ಮುಖ್ಯ. ಕಾಕಂಬಿ, ಹಣ್ಣಿನ ಸಿಪ್ಪೆ ಎಂದು ಸಿಹಿ ತ್ಯಾಜ್ಯದ ಹಿಂದೆ ಹೋದರೆ ಬೇರೆ ಸೂಕ್ಷ್ಮಜೀವಿಗಳಿಗೆ ಹಬ್ಬ, ಅಷ್ಟೆ. ನನಗೆ ಒಗ್ಗಿದ್ದು ಬೀರ್ ತಯಾರಿಸಿದ ಮೇಲೆ ಪಾತ್ರೆಯ ತಳದಲ್ಲಿ ಉಳಿಯುವ ಯೀಸ್ಟ್ ಗಸಿ. ಅದನ್ನು ಸ್ವಲ್ಪ ಉಪ್ಪಿನ ಜೊತೆ 50 ಡಿಗ್ರಿ ಆಸುಪಾಸಿನಲ್ಲಿ ಒಂದು ದಿನ ಬೆಚ್ಚಗಿಡುತ್ತೇನೆ. ಯೀಸ್ಟ್ ಕೋಶಗಳು ತಮ್ಮ ಪ್ರೋಟೀನನ್ನು ತಾವೇ ಕರಗಿಸಿಕೊಂಡು ಒಡೆಯುತ್ತವೆ. ಕುದಿಸಿ ಬಟ್ಟೆಯಲ್ಲಿ ಸೋಸಿದರೆ ಕಂದು ಬಣ್ಣದ ಸಾರು ಸಿಗುತ್ತದೆ. ಅಂಗಡಿಯ ಯೀಸ್ಟ್ ಸಾರವೂ ಮೂಲದಲ್ಲಿ ಇದೇ ಅಲ್ವಾ? ಹಾಲೊಡಕನ್ನೂ ಬಳಸಬಹುದು. ಆದರೆ ಅದು ಹುಳಿ. ಪಿಎಚ್ ಏರಿಸಲು ತುಂಬಾ ಕ್ಷಾರ ಹಿಡಿಯುತ್ತದೆ.

ಸಾರು ತಣ್ಣಗಾದ ಮೇಲೆ ಲೀಟರಿಗೆ 20 ಗ್ರಾಂ ಗೊಬ್ಬರದ ಯೂರಿಯಾ ಹಾಕಿ, ವಾಷಿಂಗ್ ಸೋಡಾದಿಂದ ಪಿಎಚ್ 9ಕ್ಕೆ ತರುತ್ತೇನೆ. ಇಷ್ಟು ಕ್ಷಾರ, ಇಷ್ಟು ಅಮೋನಿಯಾ ಇರುವ ಕಡೆ ಬೇರೆ ಸೂಕ್ಷ್ಮಜೀವಿಗಳು ಹೆಚ್ಚಾಗಿ ತಡೆದುಕೊಳ್ಳುವುದಿಲ್ಲ. ಇದಕ್ಕೆ ಮಾತ್ರ ಅದೇ ಮನೆ. ಹೀಗಾಗಿ ಆಟೋಕ್ಲೇವ್ (ಒತ್ತಡದ ಹಬೆಯಲ್ಲಿ ಸೂಕ್ಷ್ಮಜೀವಿಗಳನ್ನು ಕೊಲ್ಲುವ ಯಂತ್ರ) ಇಲ್ಲದೆಯೂ ಕೆಲಸ ನಡೆಯುತ್ತದೆ. ಬೀಜ, ಅಂದರೆ ಮೊದಲೇ ಬೆಳೆಸಿಟ್ಟ ಬ್ಯಾಕ್ಟೀರಿಯಾ ದ್ರವ, ಮಾತ್ರ ಧಾರಾಳವಾಗಿ ಹಾಕಬೇಕು, ಹತ್ತಕ್ಕೆ ಒಂದು ಪಾಲು. ಮೀನಿನ ತೊಟ್ಟಿಯ ಗಾಳಿ ಪಂಪು, 30 ಡಿಗ್ರಿ ಬಿಸಿ, ಒಂದೆರಡು ದಿನ. ಮೂಲ ತಳಿಯನ್ನು ಸೂಕ್ಷ್ಮಜೀವಿ ಸಂಗ್ರಹಾಲಯದಿಂದಲೇ ತರಿಸಿ ಶುದ್ಧವಾಗಿ ಇಟ್ಟುಕೊಳ್ಳಿ. ಬಕೆಟ್‌ನಿಂದ ಬಕೆಟ್‌ಗೆ ಸುಮ್ನೆ ದಾಟಿಸುತ್ತಾ ಹೋದರೆ ತಳಿ ಕೆಡುತ್ತದೆ.

ದ್ರವ ಮಂಜಾಯಿತು ಎಂದರೆ ಬ್ಯಾಕ್ಟೀರಿಯಾದ ಬೆಳೆ ಬಂತು ಎಂದುಕೊಳ್ಳಬೇಡಿ. ನಮಗೆ ಬೇಕಾದ್ದು ಕಿಣ್ವದ ಚುರುಕು. ಅದನ್ನು ನೋಡಲು ವಿದ್ಯುತ್ ವಾಹಕತೆಯ ಪುಟ್ಟ ಮೀಟರ್ ಸಾಕು. ಯೂರಿಯಾ ಕರಗಿದ ನೀರು ವಿದ್ಯುತ್ತನ್ನು ಅಷ್ಟಾಗಿ ಹರಿಸುವುದಿಲ್ಲ, ಅದು ಒಡೆದಾಗ ಹುಟ್ಟುವ ಅಯಾನುಗಳು ಹರಿಸುತ್ತವೆ. ಯೂರಿಯಾ ದ್ರಾವಣಕ್ಕೆ ಸ್ವಲ್ಪ ಬೆಳೆ ಬೆರೆಸಿ, ನಿಮಿಷಕ್ಕೊಮ್ಮೆ ಓದುತ್ತಾ ಹೋಗಿ. ಅಂಕಿ ಒಂದೇ ಸಮನೆ ಏರುತ್ತಿದ್ದರೆ ಬೆಳೆ ಜೀವಂತ. ನಿಂತಲ್ಲೇ ನಿಂತರೆ, ಎಷ್ಟೇ ಮಂಜಾಗಿದ್ದರೂ ಆ ಬಕೆಟ್ ಮರಳಿಗೆ ಬೇಡ. ಈ ಒಂದು ಪರೀಕ್ಷೆಗೆ ಸೋಮಾರಿತನ ಮಾಡಬಾರದು.

ಕ್ಯಾಲ್ಸಿಯಂಗೆ ಮೊಟ್ಟೆ ಚಿಪ್ಪು. ತೊಳೆದು, ಒಳಪೊರೆ ತೆಗೆದು, ಒಣಗಿಸಿ ಪುಡಿ ಮಾಡಿ. ಶೇಕಡಾ 5ರ ಒಂದು ಲೀಟರ್ ವಿನೆಗರ್ ಸುಮಾರು 40 ಗ್ರಾಂ ಪುಡಿ ಕರಗಿಸುತ್ತದೆ. ನಾನು ಬೇಕೆಂದೇ ಜಾಸ್ತಿ ಹಾಕುತ್ತೇನೆ. ಗುಳ್ಳೆ ಪೂರ್ತಿ ನಿಲ್ಲುವ ಹೊತ್ತಿಗೆ ಹುಳಿ ಹೆಚ್ಚುಕಡಿಮೆ ಮುಗಿದಿರುತ್ತದೆ. ಹುಳಿ ಉಳಿದರೆ ಕಿಣ್ವ ಮಂಕಾಗುತ್ತದೆ. ಸೋಸಿದ ಈ ನೀರಿಗೆ ಲೀಟರಿಗೆ 25 ಗ್ರಾಂ ಯೂರಿಯಾ ಬೆರೆಸಿದರೆ ಗಟ್ಟಿ ಮಾಡುವ ದ್ರಾವಣ ಸಿದ್ಧ.

ಮರಳಿಗೆ ಮೊದಲು ಬ್ಯಾಕ್ಟೀರಿಯಾ ಒಂದನ್ನೇ ಹಾಕಿ, ಕೆಲವು ಗಂಟೆ ಬಿಡಿ. ಆಮೇಲೆ ದ್ರಾವಣವನ್ನು ನಿಧಾನವಾಗಿ ಇಳಿಸಿ. ದಿನಕ್ಕೊಂದು ಸಲದಂತೆ ಹಲವು ಸಲ ಹಾಕಬೇಕು. ಎರಡನ್ನೂ ಒಟ್ಟಿಗೆ ಸುರಿದರೆ ಮೇಲ್ಪದರದಲ್ಲೇ ಹೆಪ್ಪುಗಟ್ಟುತ್ತದೆ, ಒಳಗೆ ಮರಳು ಮರಳಾಗೇ ಉಳಿಯುತ್ತದೆ. ಸರಿಯಾಗಿ ಕಟ್ಟಿದ ತುಂಡನ್ನು ಮುರಿದು ಭೂತಗನ್ನಡಿಯಲ್ಲಿ ನೋಡಿ. ಕಣಕ್ಕೆ ಕಣ ತಾಗುವ ಜಾಗದಲ್ಲೆಲ್ಲ ಬಿಳಿ ಹರಳು ಹಿಡಿದಿರುತ್ತದೆ. ಎಷ್ಟು ಕಟ್ಟಿದೆ ಎಂದು ತಿಳಿಯಲು ಒಣಗಿದ ತುಂಡನ್ನು ತೂಗಿ, ದುರ್ಬಲ ಹೈಡ್ರೋಕ್ಲೋರಿಕ್ ಆಮ್ಲದಲ್ಲಿ ಕರಗಿಸಿ, ಉಳಿದ ಮರಳನ್ನು ತೊಳೆದು ಒಣಗಿಸಿ ಮತ್ತೆ ತೂಗುತ್ತೇನೆ. ಮರಳಲ್ಲೇ ಚಿಪ್ಪಿನ ಚೂರಿದ್ದರೆ ಈ ಲೆಕ್ಕ ತಪ್ಪುತ್ತದೆ.

ಈಗ ಅಮೋನಿಯಾ. ಇದನ್ನು ಮುಚ್ಚಿದ ಕೋಣೆಯಲ್ಲಿ ಮಾಡಲೇಬಾರದು, ಕಣ್ಣು, ಗಂಟಲು ಉರಿಯುತ್ತವೆ. ಮರಳಿನಿಂದ ಇಳಿದ ನೀರನ್ನು ಚರಂಡಿಗೆ ಬಿಟ್ಟರೆ ಕೆರೆಯ ಮೀನಿಗೂ ಕುತ್ತು. ನಾನು ಅದನ್ನು ಮುಚ್ಚಳದ ಡ್ರಮ್ಮಿನಲ್ಲಿ ಹಿಡಿಯುತ್ತೇನೆ. ಮೆಗ್ನೀಸಿಯಂ, ಫಾಸ್ಫೇಟ್ ಸೇರಿಸಿದರೆ ಅದರ ಅಮೋನಿಯಾದ ಬಹುಪಾಲು ಸ್ಟ್ರೂವೈಟ್ ಎಂಬ ಹರಳಾಗಿ ತಳಕ್ಕೆ ಕೂರುತ್ತದೆ. ಅದು ನಿಧಾನವಾಗಿ ಕರಗುವ ಒಳ್ಳೆಯ ಗೊಬ್ಬರ. ಫಾಸ್ಫೇಟ್ ಹಾಕುವ ಮುಂಚೆ ನೀರಿನಲ್ಲಿ ಕ್ಯಾಲ್ಸಿಯಂ ಉಳಿದಿಲ್ಲವೆಂದು ನೋಡಿಕೊಳ್ಳಿ, ಉಳಿದಿದ್ದರೆ ಫಾಸ್ಫೇಟನ್ನು ಅದೇ ಹಿಡಿದುಕೊಳ್ಳುತ್ತದೆ.