ಕಣದ ಕಾಫಿ ಕೇಸು, ಪಂಚಾಯ್ತಿ ಲೈಬ್ರರಿ: ಬಾಲ ನ್ಯಾಯ ಮಂಡಳೀಲಿ ನನ್ನ ಅನುಭವ

ಕೇಸಲ್ಲಿ ಸಿಕ್ಕ ಹುಡುಗ್ರಿಗೆ ಕಮ್ಯುನಿಟಿ ಸರ್ವಿಸ್ ಆರ್ಡರ್ (ಇಷ್ಟು ಗಂಟೆ ಸಮಾಜಸೇವೆ ಮಾಡು ಅನ್ನೋ ಆದೇಶ) ಕೇಳ್ತೀನಿ ಅಂದಾಗ ನಮ್ಮ ಕಡೆ ವಕೀಲ್ರಲ್ಲಿ ನಗದೇ ಇದ್ದೋರು ಕಡಿಮೆ. "ಬುದ್ಧಿ ಹೇಳಿ ಮನೆಗೆ ಕಳ್ಸಿ ಅಂತ ಕೇಳು, ಇಲ್ಲಾಂದ್ರೆ ದಂಡ ಕಟ್ಸಿ ಮುಗಿಸು ಮಾರಾಯ, ಲೀಗಲ್ ಏಡ್ ಫೀಸಿಗೆ ಇಷ್ಟೆಲ್ಲ ಯಾರು ಒದ್ದಾಡ್ತಾರೆ" ಅಂತ ಸೀನಿಯರ್ ಒಬ್ರು ಅಂದಿದ್ರು. ಈಗ ಅವ್ರೇ ನನ್ನ ಅರ್ಜಿ ಡ್ರಾಫ್ಟ್ ಇಸ್ಕೊಂಡು ಹೋಗ್ತಾರೆ, ಅದಕ್ಕೇ ಬರೀತಿದೀನಿ.

ಮೊದ್ಲು ಸೆಕ್ಷನ್. ಕಾಫಿ ಕಣಕ್ಕೆ ಬಿತ್ತು ಅಂದ್ರೆ ಇಂಥ ಕೇಸು ಶುರು. ಲೈನ್ ಮನೆ (ತೋಟದ ಕೂಲಿಯವರ ಸಾಲುಮನೆ) ಹುಡುಗ, ಹದಿನೈದೋ ಹದಿನಾರೋ, ಅರ್ಧ ಚೀಲ ರೋಬಸ್ಟಾ ಚೆರಿ (ಸಿಪ್ಪೆ ಸಮೇತ ಒಣಗಿಸಿದ ಕಾಫಿ) ಹೊತ್ಕೊಂಡು ಹೋಗಿ ಮಾರೋಕೆ ನೋಡಿದ್ದ, ಚೀಲಕ್ಕೆ ಹತ್ತು ಸಾವಿರದ ಆಚೀಚೆ ರೇಟ್ ಇದ್ದ ವರ್ಷ, ಆಸೆ ಹುಟ್ಟದೇ ಇರುತ್ತಾ. ತೋಟದ ರೈಟರ್ ಕಂಪ್ಲೇಂಟಲ್ಲಿ "ಗೋಡೌನಿಂದ" ಅಂತ ಬರೆಸಿದ್ರಿಂದ ಭಾರತೀಯ ನ್ಯಾಯ ಸಂಹಿತೆ (ಬಿಎನ್‌ಎಸ್) 305, ಅಂದ್ರೆ ಕಟ್ಟಡದೊಳಗಿನ ಕಳ್ಳತನ, ಬಿದ್ದಿತ್ತು, ಏಳು ವರ್ಷದ್ದು, ಅಂದ್ರೆ ಗಂಭೀರ ಅಪರಾಧ. ಕಣದಿಂದ ಎತ್ಕೊಂಡಿದ್ರೆ 303(2), ಬರೀ ಕಳ್ಳತನ, ಮೂರು ವರ್ಷದೊಳಗೆ, ಸಣ್ಣ ಅಪರಾಧ, ಸಮರಿ (ಚುಟುಕು) ವಿಚಾರಣೆ. ಮಹಜರ್ ಫೋಟೋ ದೊಡ್ಡದು ಮಾಡಿ ನೋಡಿದ್ರೆ ರಾಶಿ ಕಣದಲ್ಲೇ ಟಾರ್ಪಾಲ್ ಕೆಳಗಿದೆ, ಗೋಡೌನ್ ಬಾಗಿಲು ಹತ್ತು ಮಾರು ಆಚೆ, ಬೀಗ ಹಾಕಿದೆ. ಬೋರ್ಡ್ (ಬಾಲ ನ್ಯಾಯ ಮಂಡಳಿ) ಮುಂದೆ ಆ ಫೋಟೋ ಇಟ್ಟೆ, 305 ಹೋಯ್ತು.

ಸಣ್ಣ ಕೇಸಲ್ಲಿ ನಾಲ್ಕು ತಿಂಗಳು, ಮೇಲೆ ಎರಡು ಎಳೆದ್ರೆ ಬಾಲ ನ್ಯಾಯ ಕಾಯ್ದೆ 14(4)ರಲ್ಲಿ ತಾನಾಗೇ ಬಿದ್ದೋಗುತ್ತೆ ಅಂತ ಕಾಯೋರೂ ಇದಾರೆ. ಸುಲಭ ಹೌದು. ಆದ್ರೆ ಡೇಟ್ ಡೇಟಿಗೂ ಅಪ್ಪ ಅಮ್ಮ ಇಬ್ರದ್ದೂ ಕೂಲಿ ಹೋಗುತ್ತೆ, ಕುಟ್ಟ ಕಡೆಯಿಂದ ಮಡಿಕೇರಿಗೆ ಬರೋರಿಗೆ ಬಸ್ಸು ಊಟ ಸೇರಿ ಸಾವಿರದೈನೂರು ಮೇಲೇ ಆಗುತ್ತೆ, ಆ ದುಡ್ಡಿಗೆ ಅಡ್ವಾನ್ಸ್ ಕೇಳ್ಬೇಕಾದ್ದು ತೋಟದ ಸಾಹುಕಾರ್ರ ಹತ್ರ, ಕಂಪ್ಲೇಂಟ್ ಕೊಡ್ಸಿದ್ದೂ ಅವ್ರೇ! ಅಪ್ಪನ್ನ ವಿಡಿಯೋ ಕಾಲಲ್ಲಿ ಹಾಜರ್ ಮಾಡ್ಸೋಕೂ ನೋಡ್ದೆ, ಪಾಪ ನೆಟ್‌ವರ್ಕಿಗೆ ಗುಡ್ಡ ಹತ್ತಿ ಜೂನ್ ಮಳೇಲಿ ಕೊಡೆ ಹಿಡ್ಕೊಂಡು ನಿಂತಿದ್ರು, ಕಂಡಿದ್ದು ಕೊಡೆ ಮಾತ್ರ.

ಸರ್ವಿಸ್‌ಗೆ ಜಾಗ ಹುಡುಕೋದೇ ನಿಜವಾದ ತಲೆನೋವು. ಈ ಕಾಯ್ದೆಯ 2016ರ ಮಾದರಿ ನಿಯಮದಲ್ಲಿ ಪಾರ್ಕು, ಆಸ್ಪತ್ರೆ, ವಯಸ್ಸಾದವರ ಸೇವೆ, ಟ್ರಾಫಿಕ್ ವಾಲಂಟಿಯರ್ ಅಂತೆಲ್ಲ ಇದೆ (ಹದಿನಾಲ್ಕು ದಾಟಿರ್ಬೇಕು). ಹಿಂದೆ ಒಬ್ಬನ್ನ ಆಸ್ಪತ್ರೆಗೆ ಹಾಕ್ಸಿದ್ದೆ, ಎರಡನೇ ವಾರಕ್ಕೇ ಅಟೆಂಡರ್ ಚೀಟಿ ಸಾಲಲ್ಲಿ ನಿಂತೋರ ಮುಂದೆ "ಇವ್ನು ಕೋರ್ಟ್ ಹುಡುಗ" ಅಂದ, ಸೆಕ್ಷನ್ 74ರ ಗೌಪ್ಯತೆ ಅಲ್ಲಿಗೆ ಮುಗೀತು. ಸ್ಕೂಟರ್ ಕೇಸಿನ ಇನ್ನೊಬ್ಬನ್ನ ಟ್ರಾಫಿಕ್‌ಗೆ ಹಾಕ್ಸಿದ್ರೆ ಕ್ಲಾಸಿನ ಹುಡುಗ್ರು ರೀಲ್ಸ್ ಮಾಡಿದ್ರು. ಮಗನಿಗೆ ಗಾಡಿ ಓಡ್ಸೋಕೆ ಬಿಟ್ಟಿದ್ದಕ್ಕೆ ಅವರಪ್ಪನಿಗೆ ಮೋಟಾರು ವಾಹನ ಕಾಯ್ದೆ 199ಎಲಿ ಇಪ್ಪತ್ತೈದು ಸಾವಿರ ದಂಡ ಬಿದ್ದಿದ್ದು ಬೇರೆ ಕಥೆ.

ಆಮೇಲೆ ಹೊಳೆದಿದ್ದು ಪಂಚಾಯ್ತಿ ಲೈಬ್ರರಿ, ಈಗ ಅರಿವು ಕೇಂದ್ರ ಅಂತಾರಲ್ಲ. ಹುಡುಗ ಲೈಬ್ರರೀಲಿ ಕೂತಿದ್ರೆ ಯಾಕೆ ಅಂತ ಯಾರೂ ಕೇಳಲ್ಲ. ಲೈನ್ ಮನೆಯಿಂದ ನಡ್ಕೊಂಡು ಹೋಗೋ ದೂರ, ಬಸ್ ಚಾರ್ಜಿಲ್ಲ. ವಿಷಯ ಗೊತ್ತಿದ್ದಿದ್ದು ಲೈಬ್ರರಿ ಮೇಡಂ ಒಬ್ರಿಗೇ. ಇನ್ನೂರು ಪೇಜಿನ ನೋಟ್‌ಬುಕ್, ಅದರಲ್ಲಿ ತಾರೀಖು, ಬಂದ ಹೊತ್ತು, ಹೋದ ಹೊತ್ತು, ಏನ್ ಮಾಡ್ದ, ಸಹಿ, ಅಷ್ಟೇ, ಕೇಸ್ ನಂಬರ್ ಎಲ್ಲೂ ಇಲ್ಲ. ಅರ್ಜಿ ಜೊತೇಲೇ ಮೇಡಂ ಒಪ್ಪಿಗೆ ಪತ್ರ ಹಚ್ಚಿದ್ದೆ, ಬೋರ್ಡಿಗೆ ಜಾಗ ಹುಡುಕೋ ಕೆಲಸಾನೇ ಇರ್ಲಿಲ್ಲ. ಹುಡುಗ ತಪ್ಪು ಒಪ್ಕೊಂಡ, ಬಾಲ ನ್ಯಾಯ ಕಾಯ್ದೆ 18(1)(ಸಿ)ಲಿ ಶನಿವಾರ ಶನಿವಾರ ಒಟ್ಟು ನಲವತ್ತು ಗಂಟೆ ಅಂತ ಆಯ್ತು. ಹರಿದ ಮಕ್ಕಳ ಪುಸ್ತಕಕ್ಕೆಲ್ಲ ರಟ್ಟು ಹಾಕ್ದ, ಕೊನೆಕೊನೆಗೆ ಕಂಪ್ಯೂಟರಲ್ಲಿ ಎಂಟ್ರೀನೂ ಮಾಡ್ತಿದ್ನಂತೆ. ಪ್ರೊಬೇಷನ್ ಆಫೀಸರ್ ರಿಪೋರ್ಟ್ ಒಂದೇ ಪೇಜು.

ಸಾಹುಕಾರ್ರು ಕೊನೆಗೆ ತಕರಾರಿಲ್ಲ ಅಂತ ಹೇಗೆ ಬರ್ಕೊಟ್ರು ಅಂತ ಎಲ್ರೂ ಕೇಳ್ತಾರೆ, ಅದನ್ನ ಮಾತ್ರ ಇಲ್ಲಿ ಬರೆಯಲ್ಲ. ನನ್ನ ಕೈಯಿಂದ ಪೆಟ್ರೋಲು ಜೆರಾಕ್ಸು ಅಂತ ಮೂರ್ನಾಲ್ಕು ಸಾವಿರ ಹೋಗಿರ್ಬಹುದು. ಮುಗಿದ ತಕ್ಷಣ ಸೆಕ್ಷನ್ 24ರಲ್ಲಿ ದಾಖಲೆ ನಾಶ ಮಾಡೋಕೆ ಮೆಮೋ ಹಾಕಿ, ಅಪೀಲು ಅವಧಿ ಮುಗಿದ ದಿನ ನೆನಪು ಮಾಡ್ಸಿ, ಠಾಣೆಗೂ ಒಂದು ಕಾಪಿ ಹೋಗ್ಲಿ.