ಬದನೆಕಾಯಿ–ಟೊಮೆಟೊ ಪಾಸ್ತಾ ಮಾಡುವವರಿಗೆ ಒಂದು ಸಲಹೆ

ಇಟಲಿಯ ಸಿಸಿಲಿ ದ್ವೀಪದಲ್ಲಿ ಹೆಸರಾದ ಈ ಪಾಸ್ತಾದ ರುಚಿ ಬಹುಪಾಲು ನಿಂತಿರುವುದು ಬದನೆಕಾಯಿಯನ್ನು ಹುರಿಯುವ ಬಗೆಯಲ್ಲಿ. ಬದನೆಯ ತಿರುಳು ಸ್ಪಂಜಿನಂತಿರುವುದರಿಂದ ಹಾಗೆಯೇ ಬಾಣಲೆಗೆ ಹಾಕಿದರೆ ಎಣ್ಣೆಯನ್ನೆಲ್ಲ ಹೀರಿಬಿಡುತ್ತದೆ. ಆದ್ದರಿಂದ ಹೋಳುಗಳಿಗೆ ಉಪ್ಪು ಸವರಿ ಅರ್ಧ ಗಂಟೆ ಜರಡಿಯಲ್ಲಿಟ್ಟು, ಮೇಲೆ ಹನಿಗಟ್ಟಿದ ನೀರನ್ನು ಬಟ್ಟೆಯಿಂದ ಒತ್ತಿ ತೆಗೆದು, ಚೆನ್ನಾಗಿ ಕಾದ ಎಣ್ಣೆಯಲ್ಲಿ ಸ್ವಲ್ಪಸ್ವಲ್ಪವಾಗಿ ಕಂದು ಬಣ್ಣ ಬರುವಂತೆ ಹುರಿಯಬೇಕು. ಒಮ್ಮೆಲೇ ಎಲ್ಲವನ್ನೂ ಸುರಿದರೆ ಹೋಳುಗಳು ಹುರಿಯುವ ಬದಲು ಬೆಂದು ಮುದ್ದೆಯಾಗುತ್ತವೆ. ಅವಸರಕ್ಕೆ ಬಿದ್ದು ನಾನೂ ಹಾಗೆ ಕೆಡಿಸಿದ್ದುಂಟು.

ಸಾಸ್‌ಗೆ ಬೆಳ್ಳುಳ್ಳಿ ಮತ್ತು ಚೆನ್ನಾಗಿ ಹಣ್ಣಾದ ಟೊಮೆಟೊ ಸಾಕು. ಅಂಚಿನಲ್ಲಿ ಎಣ್ಣೆ ಬಿಡುವವರೆಗೆ, ಅಂದರೆ ಸುಮಾರು 20 ನಿಮಿಷ, ಸಣ್ಣ ಉರಿಯಲ್ಲಿ ಕುದಿಸಿರಿ. ಬದನೆಯಲ್ಲಿ ಈಗಾಗಲೇ ಉಪ್ಪಿರುವುದರಿಂದ ಸಾಸ್‌ನ ಉಪ್ಪನ್ನು ರುಚಿ ನೋಡಿಯೇ ಹಾಕಬೇಕು.

100 ಗ್ರಾಂ ಪಾಸ್ತಾಕ್ಕೆ 1 ಲೀಟರ್ ನೀರಿಟ್ಟು, ಪೊಟ್ಟಣದ ಮೇಲಿರುವ ಸಮಯಕ್ಕಿಂತ 1 ನಿಮಿಷ ಮೊದಲೇ ತೆಗೆದು, ಬೇಯಿಸಿದ ನೀರಿನ ಒಂದು ಸೌಟಿನೊಂದಿಗೆ ಸಾಸ್‌ಗೆ ಸೇರಿಸಿದರೆ, ಆ ನೀರಿನಲ್ಲಿರುವ ಪಿಷ್ಟದಿಂದಾಗಿ ಸಾಸ್ ಪಾಸ್ತಾಕ್ಕೆ ಚೆನ್ನಾಗಿ ಹಿಡಿದುಕೊಳ್ಳುತ್ತದೆ. ಹುರಿದ ಬದನೆಯನ್ನೂ ಬೇಸಿಲ್ ಎಲೆಗಳನ್ನೂ ಒಲೆ ಆರಿಸಿದ ಮೇಲೆಯೇ ಬೆರೆಸಿರಿ.