ಕಾರಿನ ಡ್ಯಾಶ್‌ಬೋರ್ಡ್‌ನಲ್ಲಿ ಹಿಮದ ಗುರುತು ಬಂದರೆ ಏನು ಮಾಡಬೇಕು?

ಚಳಿಗಾಲದ ರಜೆಗೆ ಬೆಂಗಳೂರಿನಿಂದ ಸ್ವಂತ ಕಾರಲ್ಲೇ ಮನಾಲಿಗೆ ಹೋಗುವವರಿದ್ದಾರೆ. ನಮ್ಮ ಕಡೆ ಎಂದೂ ಕಾಣದ ಒಂದು ಗುರುತು ಅಲ್ಲಿ ಬೆಳಗ್ಗೆಯೇ ಬೋರ್ಡ್‌ನಲ್ಲಿ ಬರುತ್ತದೆ. ಹಿಮದ ಹರಳಿನ ಚಿತ್ರ, ಜೊತೆಗೊಂದು ಬೀಪ್. ನಮ್ಮ ಭಾವ ಅದನ್ನು ನೋಡಿದವರೇ ಎಸಿ ಆಫ್ ಮಾಡಿದರು. ಎಸಿ ಬಟನ್ ಮೇಲೂ ಅದೇ ಚಿತ್ರ ಇರುತ್ತದಲ್ಲ!

ಮೊದಲು ಗುರುತುಗಳನ್ನು ಬೇರೆ ಮಾಡಿಕೊಳ್ಳಿ. ನೀಲಿ ಥರ್ಮಾಮೀಟರ್ ಬಂದರೆ ಎಂಜಿನ್ ಇನ್ನೂ ಬೆಚ್ಚಗಾಗಿಲ್ಲ ಎಂದರ್ಥ. ಜೋರಾಗಿ ಎಕ್ಸಿಲರೇಟರ್ ತುಳಿಯದೆ ಹೊರಡಿ, ಕೆಲವು ನಿಮಿಷದಲ್ಲಿ ಆರುತ್ತದೆ. ಹಿಮದ ಹರಳು ಬಂದರೆ ಕಾರಿನಲ್ಲಿ ದೋಷವಿಲ್ಲ, ಹೊರಗೆ ಚಳಿ ಇಳಿದಿದೆ ಎಂದರ್ಥ. ಹೆಚ್ಚಿನ ಕಾರುಗಳಲ್ಲಿ 3 ಅಥವಾ 4 ಡಿಗ್ರಿಗೇ ಇದು ಬರುತ್ತದೆ.

ಎಲ್ಲರೂ ಎಡವುವುದು ಇಲ್ಲೇ. "ನೀರು ಗಟ್ಟಿಯಾಗೋದು ಸೊನ್ನೆಗೆ ಅಲ್ವಾ, ಇನ್ನೂ 3 ಡಿಗ್ರಿ ಇದೆ" ಅಂತ ಅದೇ ಸ್ಪೀಡಲ್ಲಿ ಹೋಗುತ್ತಾರೆ. ಸೆನ್ಸರ್ ಇರುವುದು ಸಾಮಾನ್ಯವಾಗಿ ಮುಂದಿನ ಬಂಪರ್ ಹತ್ತಿರ. ಅದು ಅಳೆಯುವುದು ಗಾಳಿಯನ್ನು, ರಸ್ತೆಯನ್ನಲ್ಲ. ರಾತ್ರಿಯಿಡೀ ತಣ್ಣಗಾದ ರಸ್ತೆ ಸೊನ್ನೆಗಿಂತ ಕೆಳಗಿರಬಹುದು. ಬೆಟ್ಟದ ನೆರಳು ಬೀಳುವ ತಿರುವು, ಕೆಳಗಿನಿಂದಲೂ ಗಾಳಿ ಹೊಡೆಯುವ ಸೇತುವೆ, ಇವೇ ಮೊದಲು ಹೆಪ್ಪುಗಟ್ಟುವ ಜಾಗಗಳು. ಮನಾಲಿಯಿಂದ ಮುಂದಿನ 9.02 ಕಿಲೋಮೀಟರಿನ ಅಟಲ್ ಸುರಂಗ ದಾಟಿ ಲಾಹೌಲ್ ಕಣಿವೆಯ ಕಡೆ ಹೊರಬಂದ ಕೂಡಲೇ ಚಂದ್ರಾ ನದಿಯ ಸೇತುವೆ ಸಿಗುತ್ತದೆ. ಬೋರ್ಡ್‌ನ ಅಂಕಿ ಅಷ್ಟು ಬೇಗ ಬದಲಾಗುವುದಿಲ್ಲ. ಸುರಂಗದೊಳಗೆ ತೋರಿಸಿದ ಅಂಕಿ ನಂಬಿಕೊಂಡು ಸೇತುವೆ ಮೇಲೆ ನುಗ್ಗಬೇಡಿ.

ತೆಳು ಮಂಜುಗಡ್ಡೆ ಕಣ್ಣಿಗೆ ಬರೀ ಒದ್ದೆ ರಸ್ತೆಯ ಹಾಗೆ ಕಾಣುತ್ತದೆ. ಮುಂದಿನ ಗಾಡಿಯ ಚಕ್ರ ನೋಡಿ. ರಸ್ತೆ ಒದ್ದೆಯಾಗಿ ಹೊಳೆಯುತ್ತಿದ್ದೂ ನೀರು ಸಿಡಿಯದಿದ್ದರೆ ಅದು ಮಂಜುಗಡ್ಡೆ ಎಂದೇ ತಿಳಿಯಿರಿ. ಟೈರಿನ ಸದ್ದು ಇದ್ದಕ್ಕಿದ್ದಂತೆ ಕಮ್ಮಿಯಾಗಿ ಸ್ಟೀರಿಂಗ್ ಹಗುರ ಎನಿಸಿದರೂ ಅದೇ. ತಿರುವಿಗೆ ಮುಂಚೆಯೇ ನಿಧಾನ ಮಾಡಿ, ತಿರುವಿನ ಒಳಗೆ ಬ್ರೇಕ್ ಬೇಡ. ಕಾರು ಜಾರಿದರೆ ಎಕ್ಸಿಲರೇಟರ್‌ನಿಂದ ಕಾಲು ತೆಗೆದು, ಹೋಗಬೇಕಾದ ಕಡೆ ನೋಡುತ್ತಾ ಸ್ಟೀರಿಂಗನ್ನು ಮೆಲ್ಲಗೆ ತಿರುಗಿಸಿ. ನನ್ನನ್ನು ಕೇಳಿದರೆ, ಬಿಸಿಲು ರಸ್ತೆಗೆ ಬೀಳುವ ತನಕ ಹೋಟೆಲ್ ಬಿಡಲೇಬೇಡಿ. ಎರಡು ಗಂಟೆ ತಡವಾದರೆ ಏನೂ ಹೋಗುವುದಿಲ್ಲ.

ಇನ್ನು ಕುದುರೆ ಲಾಳದ ಆಕಾರದೊಳಗೆ ಆಶ್ಚರ್ಯಸೂಚಕ ಇರುವ ದೀಪ. ಅದು ಟೈರಿನಲ್ಲಿ ಗಾಳಿ ಕಮ್ಮಿಯಾಗಿದೆ ಅನ್ನುತ್ತದೆ. ಹೊರಗಿನ ಉಷ್ಣಾಂಶ ಸುಮಾರು 5–6 ಡಿಗ್ರಿ ಇಳಿದರೆ ಟೈರಿನ ಗಾಳಿ 1 ಪಿಎಸ್‌ಐ (ಗಾಳಿಯ ಒತ್ತಡದ ಅಳತೆ) ಇಳಿಯುತ್ತದೆ. ಬೆಳಗ್ಗೆ ದೀಪ ಹತ್ತಿ, ಸ್ವಲ್ಪ ದೂರ ಓಡಿದ ಮೇಲೆ ಆರಿದರೂ ಸುಮ್ನೆ ಬಿಡಬೇಡಿ. ಟೈರ್ ತಣ್ಣಗಿರುವಾಗಲೇ, ಡ್ರೈವರ್ ಬಾಗಿಲ ಹತ್ತಿರದ ಸ್ಟಿಕರ್ ನೋಡಿ ಅಷ್ಟು ಗಾಳಿ ತುಂಬಿಸಿ. ನೈಟ್ರೋಜನ್ ಹಾಕಿಸಿದರೆ ಚಳಿಗೆ ಇಳಿಯಲ್ಲ ಅಂತ ಹೇಳುವವರನ್ನು ನಂಬಬೇಡಿ, ಅದೂ ಅಷ್ಟೇ ಇಳಿಯುತ್ತದೆ. ಹಿಡಿತ ಬರಲಿ ಅಂತ ಗಾಳಿ ಬಿಡುವುದೂ ತಪ್ಪು.

ಎಂಜಿನ್ನಿನ ನೀರು ಹೆಪ್ಪುಗಟ್ಟುತ್ತದೆ ಎಂದು ಮುಂಚೆಯೇ ಎಚ್ಚರಿಸುವ ದೀಪ ಮಾತ್ರ ಇಲ್ಲ. ನಮ್ಮಲ್ಲಿ ಕೂಲೆಂಟ್ ಕಮ್ಮಿಯಾದರೆ ನಲ್ಲಿ ನೀರು ಸುರಿಯುವ ಅಭ್ಯಾಸ. ಆ ನೀರು ಅಲ್ಲಿ ಗಟ್ಟಿಯಾಗಿ ಹಿಗ್ಗಿದರೆ ಎಂಜಿನ್ ಬ್ಲಾಕೇ ಸೀಳಬಹುದು. ಬೆಂಗಳೂರು ಬಿಡುವ ಮುಂಚೆಯೇ ಹಳೆಯದನ್ನು ಪೂರ್ತಿ ತೆಗೆಸಿ, ನೀರು ಬೆರೆಸದ ಕೂಲೆಂಟ್ (ಕಾನ್ಸಂಟ್ರೇಟ್) ಮತ್ತು ಡಿಸ್ಟಿಲ್ಡ್ ವಾಟರ್ ಅರ್ಧರ್ಧ ಹಾಕಿಸಿ. ವೈಪರ್ ಟ್ಯಾಂಕಿಗೂ ಹೆಪ್ಪುಗಟ್ಟದ ದ್ರಾವಣ ಬೇಕು. ಬೆಳಗ್ಗೆ ಗಾಜಿನ ಮೇಲೆ ಮಂಜು ಅಂಟಿದ್ದರೆ ಬಿಸಿನೀರು ಸುರಿಯಬೇಡಿ, ಗಾಜು ಬಿರುಕು ಬಿಡಬಹುದು. ಬಯಲಲ್ಲಿ ಕಾರು ನಿಲ್ಲಿಸಿ, ಗಾಜಿಗೆ ಬಿಸಿಗಾಳಿ ಬಿಡುವ ಡಿಫ್ರಾಸ್ಟರ್ ಹಾಕಿ, ಗಾಜು ಪೂರ್ತಿ ತಿಳಿಯಾಗುವ ತನಕ ಕಾಯಿರಿ.